ಭಾನುವಾರಕ್ಕೆ ಕಾದಿಟ್ಟ ಆಕ್ಸಿಜನ್ ಮಿಷನ್

ಒಂದೂರಿನಲ್ಲಿ ಒಂದು ಸೇವಾ ಬಳಗ ಇತ್ತು. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ಯಾರಾದರೂ ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಮೂವತ್ತು ವರ್ಷದಿಂದ ಆ ಬಳಗದ ಪದ್ಧತಿ ಒಂದೇ. ಗಾಲಿಕುರ್ಚಿ, ಊರುಗೋಲು, ನೀರಿನ ಹಾಸಿಗೆ, ಏನೇ ಇರಲಿ, ಬಂದು ಕೇಳಿದವರಿಗೆ ನಿಂತ ಕಾಲಲ್ಲೇ ಕೊಡುವುದು. ಕೆಲಸ ಮುಗಿದ ಮೇಲೆ ಅವರು ವಾಪಸ್ ತಂದಿಡುವುದು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಶ್ರೀಕಂಠಯ್ಯ ಎಂಬ ನಿವೃತ್ತ ಕಾಂಪೌಂಡರ್. ಬಳಗದ ಕಟ್ಟಡಕ್ಕೆ ಅವರ ಮನೆ ಅಂಟಿಕೊಂಡೇ ಇತ್ತು. ಸಾಮಾನಿನ ಕೋಣೆಯ ಬೀಗದ ಕೈ ಸದಾ ಅವರ ಸೊಂಟದಲ್ಲಿರುತ್ತಿತ್ತು.

ಈ ವರ್ಷ ಅಧ್ಯಕ್ಷರು ಬದಲಾದರು. ಹೊಸಬರು ಸಿಮೆಂಟ್ ಅಂಗಡಿಯ ವೆಂಕಟಾಚಲಪತಿ. ಕೆಟ್ಟ ಮನುಷ್ಯ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು ಕಡೆ ಓಡಾಡಿ, ಕಂಡಕಂಡವರನ್ನು ಕೇಳಿ, ಬಳಗಕ್ಕೆ ಮೂರು ಹೊಸ ಆಕ್ಸಿಜನ್ ಮಿಷನ್ ತಂದವರು ಅವರೇ. ಮೊದಲ ಸಭೆಯಲ್ಲಿ ಅವರು ವರ್ಷದ ಕಾರ್ಯಕ್ರಮಗಳ ಪಟ್ಟಿ ಓದಿದರು. ಕಣ್ಣಿನ ಶಿಬಿರ, ರಕ್ತದಾನ, ಗಿಡ ನೆಡುವುದು. ಎಲ್ಲಕ್ಕಿಂತ ಮುಂಚೆ, ಬರುವ ಭಾನುವಾರ, ಸಲಕರಣೆ ಹಸ್ತಾಂತರ ಸಮಾರಂಭ.

"ಇನ್ಮೇಲೆ ಕದ್ದುಮುಚ್ಚಿ ಕೊಡೋದು ಬೇಡ," ಎಂದರು. "ವೇದಿಕೆ ಮೇಲೆ ಕೊಡೋಣ. ನಾಲ್ಕು ಜನ ನೋಡಿದ್ರೆ ತಾನೇ ಇನ್ನೂ ನಾಲ್ಕು ಮಿಷನ್ ಬರೋದು?"

ಮಾತೇನೂ ಸುಳ್ಳಲ್ಲ. ಆದರೆ ಆ 'ಕದ್ದುಮುಚ್ಚಿ' ಅನ್ನುವುದು ಶ್ರೀಕಂಠಯ್ಯನವರಿಗೆ ಚುರುಕ್ ಎಂದಿತು. ಮೂವತ್ತು ವರ್ಷ ಮಾಡಿದ್ದು ಕಳ್ಳತನವೇ? ಮುಖ ಗಂಟಿಕ್ಕಿಕೊಂಡು ಮನೆಗೆ ಹೋದರು.

ಗುರುವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಎಂಬಾಕೆ ಅವರ ಬಾಗಿಲಿಗೆ ಬಂದಳು. ಅವಳ ಗಂಡ ಪಿಳ್ಳಪ್ಪ ಜಲ್ಲಿ ಕ್ರಷರ್‌ನಲ್ಲಿ ಇಪ್ಪತ್ತು ವರ್ಷ ಧೂಳು ಕುಡಿದವನು. ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ಮನೆಯಲ್ಲಿ ಆಕ್ಸಿಜನ್ ಮಿಷನ್ ಇರಲೇಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು.

"ಮಲಗಿದ್ರೆ ಉಸಿರು ಕಟ್ತದೆ ಅಯ್ಯಾ. ಮೂರು ದಿನದಿಂದ ಗೋಡೆಗೆ ಒರಗಿಕೊಂಡೇ ಕುಂತವ್ರೆ. ಒಂದು ಮಿಷನ್ ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮೂರೂ ಮಿಷನ್ ಗೋಡೆಯ ಆ ಕಡೆ ಇದ್ದವು. ಶ್ರೀಕಂಠಯ್ಯ ಅಭ್ಯಾಸಬಲದಿಂದ ಎದ್ದೇಬಿಟ್ಟರು. ಅಷ್ಟರಲ್ಲಿ ಸಭೆಯ ಮಾತು ನೆನಪಾಗಿ ಮತ್ತೆ ಕೂತರು.

"ಈಗ ನಮ್ಮದೇನೂ ನಡೆಯಲ್ಲಮ್ಮ. ಹೊಸ ಪದ್ಧತಿ ಬಂದಿದೆ. ಅಧ್ಯಕ್ಷರನ್ನೇ ಕೇಳು."

ಹೋಗಿ ಗೋಗರೆಯಲಿ, ಆ ಮನುಷ್ಯನಿಗೆ ತನ್ನ ಪದ್ಧತಿಯ ಯೋಗ್ಯತೆ ತಿಳಿಯಲಿ ಎಂದು ಒಳಗೊಳಗೇ ಅಂದುಕೊಂಡರು. ಇಂಥ ಯೋಚನೆ ನಿಮಗೂ ಬಂದಿರುತ್ತದೆ, ನನಗೂ ಬಂದಿದೆ.

ಮುನಿಲಕ್ಷ್ಮಮ್ಮ ಸಿಮೆಂಟ್ ಅಂಗಡಿಗೆ ಹೋದಳು.

"ನಿನ್ನ ಹೆಸರೇ ಮೊದಲು ಬರ್ಕೊಂಡೆ ನೋಡಮ್ಮ," ಎಂದರು ಅಧ್ಯಕ್ಷರು. "ಭಾನುವಾರ ಹತ್ತು ಗಂಟೆಗೆ ಬಾ. ಮುಖ್ಯ ಅತಿಥಿಗಳ ಕೈಯಿಂದಲೇ ಕೊಡಿಸ್ತೀನಿ."

"ಭಾನುವಾರದ ತನಕ ಜೀವ ತಡೀತದಾ ಸ್ವಾಮಿ?"

"ಅಷ್ಟೊಂದು ಅರ್ಜೆಂಟ್ ಆದ್ರೆ ಶ್ರೀಕಂಠಯ್ಯನವರು ಕೊಡದೆ ಇರ್ತಾರಾ? ಬೀಗದ ಕೈ ಅವರ ಹತ್ರಾನೇ ಇದೆಯಲ್ಲ."

ಶುಕ್ರವಾರ ಆಕೆ ಮತ್ತೆ ಶ್ರೀಕಂಠಯ್ಯನವರ ಮನೆಗೆ ಬಂದಳು. "ಅವರು ಒಂದು ಫೋನ್ ಮಾಡಿ ಹೇಳಲಿ, ಈಗಲೇ ಕೊಡ್ತೀನಿ," ಎಂದರು ಇವರು. ಆಕೆ ಮತ್ತೆ ಅಂಗಡಿಗೆ ಓಡಿದಳು. "ಅವರೇ ಫೋನ್ ಮಾಡಿ ಕೇಳಲಿ, ಬೇಡ ಅಂತೀನಾ?" ಎಂದರು ಅವರು. ಇಬ್ಬರ ಫೋನೂ ಜೇಬಿನಲ್ಲೇ ಉಳಿದವು. ಥೂ, ಬರೆಯಲಿಕ್ಕೇ ನನಗೆ ನಾಚಿಕೆ.

ಶನಿವಾರ ಮಧ್ಯಾಹ್ನ ಪಿಳ್ಳಪ್ಪ ಗೋಡೆಗೆ ಒರಗಿದ ಹಾಗೇ ತೀರಿಕೊಂಡ.

ಸಂಜೆ ಬಳಗದ ಅಂಗಳದಲ್ಲಿ ಶಾಮಿಯಾನ ಕಟ್ಟಿಸುತ್ತಾ ವೆಂಕಟಾಚಲಪತಿ ನಿಂತಿದ್ದರು. ಶ್ರೀಕಂಠಯ್ಯ ತಮ್ಮ ಜಗಲಿಯಿಂದ ನೋಡುತ್ತಿದ್ದರು. ಮುನಿಲಕ್ಷ್ಮಮ್ಮ ಬಂದಳು. ಅಳಲಿಲ್ಲ, ಬೈಯಲೂ ಇಲ್ಲ. ಗಂಡ ಹೋದ ಸುದ್ದಿ ಹೇಳಿದಳು. ಮಗಳು ಮುಂಬೈಯಿಂದ ರೈಲಿನಲ್ಲಿ ಬರಬೇಕು, ಅಲ್ಲಿಯವರೆಗೆ ಹೆಣ ಇಡಲು ಬಳಗದ ಫ್ರೀಜರ್ ಪೆಟ್ಟಿಗೆ ಬೇಕು ಎಂದಳು.

ಶ್ರೀಕಂಠಯ್ಯ ಓಡಿಬಂದು ಬೀಗ ತೆಗೆದರು. ಯಾರ ಫೋನಿಗೂ ಕಾಯಲಿಲ್ಲ. ವೆಂಕಟಾಚಲಪತಿ ತಮ್ಮ ಅಂಗಡಿಯ ಟೆಂಪೋ ತಾವೇ ತಂದು ನಿಲ್ಲಿಸಿದರು. ಅಧ್ಯಕ್ಷರ ಫೋಟೊ ಅಂಟಿಸಿದ ಮೂರು ಮಿಷನ್‌ಗಳನ್ನು ಪಕ್ಕಕ್ಕೆ ಸರಿಸಿ, ಒಬ್ಬರು ಆ ಕಡೆ, ಒಬ್ಬರು ಈ ಕಡೆ ಹಿಡಿದು ಪೆಟ್ಟಿಗೆ ಹೊರಗೆ ತಂದರು. ಈ ವರ್ಷ ಅವರಿಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು.

ಮುನಿಲಕ್ಷ್ಮಮ್ಮ ಇಬ್ಬರ ಮುಖವನ್ನೂ ನೋಡಿದಳು.

"ಇದನ್ನ ಇವತ್ತೇ ಕೊಡ್ತೀರಾ ಸ್ವಾಮಿ?" ಎಂದಳು. "ಇದಕ್ಕೆ ಭಾನುವಾರ ಬರೋದು ಬೇಡವಾ?"

ಆಕೆ ಟೆಂಪೋ ಹತ್ತಿ ಪೆಟ್ಟಿಗೆಯ ಪಕ್ಕ ಕೂತಳು.

ನೀತಿ: ಪದ್ಧತಿ ಹಳೆಯದೋ ಹೊಸದೋ, ಕಷ್ಟದಲ್ಲಿ ಬಂದವರಿಗೆ ಅದು ಬೇಕಿಲ್ಲ. ಕೊಡುವ ವಸ್ತು ಕೈಯಲ್ಲಿದ್ದೂ ಹೆಸರಿಗಾಗಿ ತಡೆದವನದು ಎಷ್ಟು ತಪ್ಪೋ, ಹಟಕ್ಕಾಗಿ ತಡೆದವನದೂ ಅಷ್ಟೇ ತಪ್ಪು. ಮೊದಲು ಕೊಟ್ಟುಬಿಡಿ. ಯಾರ ಪದ್ಧತಿ ಸರಿ ಅನ್ನುವ ಜಗಳ ಆಮೇಲೆ ಆಡಿಕೊಳ್ಳಿ.