ಹರಳೆಲೆಯ ಮೇಲಿನ ಹುಳು

"ಗುರುಗಳೇ, ಕಡಜವನ್ನೇ ನೆನೆಯುತ್ತ ನೆನೆಯುತ್ತ ಹುಳು ಕಡಜವಾಗುತ್ತದೆ ಎನ್ನುತ್ತಾರೆ. ಗುರುವನ್ನು ನೆನೆಯುವ ಶಿಷ್ಯನೂ ಹಾಗೆಯೇ ಗುರುವಾಗುತ್ತಾನೆಯೇ?" ಎಂದು ಶಿಷ್ಯ ಕೇಳಿದ.

ಮಠದ ಬಾಗಿಲಲ್ಲಿ ಕೂತಿದ್ದ ಗುರು ಒಂದು ಕಥೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬನೇ ಮಗ. ಆ ಮಗನನ್ನು ಒಪ್ಪಿಸೆಂದು ಬೆಟ್ಟದ ಮಠದ ಸ್ವಾಮಿಗಳು ಕೇಳಿದ್ದರು. "ನಮ್ಮ ಬಳಿ ಬಿಡು, ನಮ್ಮಂತೆಯೇ ಆಗುತ್ತಾನೆ" ಎಂದು ಈ ಕಡಜದ ಮಾತನ್ನೇ ಹೇಳಿದ್ದರು. ರೈತನಿಗೆ ಮನಸ್ಸಿತ್ತು. ಹೆಂಡತಿಗೆ ಇರಲಿಲ್ಲ. ಬರುವ ತಿಂಗಳ ಹುಣ್ಣಿಮೆಯೊಳಗೆ ಉತ್ತರ ಕೊಡಬೇಕಿತ್ತು.

ಒಂದು ಬೆಳಿಗ್ಗೆ ಹರಳು ಗಿಡಗಳಿಂದ ಹುಳು ಆರಿಸಿ ಹೊಸಕುತ್ತಿದ್ದಾಗ, ಒಂದು ಹುಳುವಿನ ಬೆನ್ನ ಮೇಲೆ ಸಣ್ಣ ಕಡಜವೊಂದು ಕೂತು, ಚುಚ್ಚಿ ಎದ್ದುಹೋದದ್ದನ್ನು ರೈತ ಕಂಡ. ಸ್ವಾಮಿಗಳ ಮಾತು ನೆನಪಾಯಿತು. ಆ ಹುಳುವನ್ನು ಉಳಿಸಿದ. ದಿನವೂ ಹೋಗಿ ನೋಡಿದ. ಮೊದಮೊದಲು ಅದು ಎಂದಿನಂತೆ ಎಲೆ ಮೇಯುತ್ತಿತ್ತು. ಎರಡು ವಾರ ಕಳೆದ ಮೇಲೆ ಅದರ ಹೊಟ್ಟೆಯಡಿ ಅಕ್ಕಿಕಾಳಿನಂಥ ಬಿಳಿ ಗೂಡುಗಳ ಗುಂಪೊಂದು ಕಾಣಿಸಿತು. ಹುಳು ಮೇವು ಬಿಟ್ಟಿತು. ಇದ್ದಲ್ಲಿಂದ ಕದಲಲಿಲ್ಲ. ಗೂಡುಗಳ ಮೇಲೆ ಬಾಗಿ ನಿಂತು, ಇರುವೆ ಹತ್ತಿರ ಬಂದರೆ ತಲೆ ಬೀಸಿ ಅಟ್ಟುತ್ತಿತ್ತು.

ರೈತ ಕೈ ಮುಗಿದ. "ಬಾರೇ ಇಲ್ಲಿ, ನೋಡು! ಅನ್ನ ಬಿಟ್ಟು ತಪಸ್ಸಿಗೆ ನಿಂತಿದೆ" ಎಂದು ಹೆಂಡತಿಯನ್ನು ಕರೆದ.

"ಸದ್ಯ, ಗಿಡ ಉಳಿಯಿತು" ಎಂದಳು ಆಕೆ. "ನೀವೂ ನಾಲ್ಕು ದಿನ ಹಾಗೆ ನಿಲ್ಲಿ, ಮನೆಯ ಅಕ್ಕಿಯೂ ಉಳಿಯಲಿ."

ಹುಣ್ಣಿಮೆಯ ದಿನ ಗೂಡುಗಳು ತೆರೆದವು. ಒಂದೊಂದರಿಂದಲೂ ಒಂದೊಂದು ಕಡಜ ಹೊರಬಂದು ಹಾರಿತು. ಒಂದು ಹುಳು ಇಪ್ಪತ್ತು ಕಡಜವಾಯಿತೆಂದು ರೈತನ ಕಣ್ಣು ತುಂಬಿ ಬಂತು. ನೇರ ಮನೆಗೆ ಬಂದವನೇ ಮಗನ ಕೈ ಹಿಡಿದು ಬೆಟ್ಟ ಹತ್ತಿ, ಸ್ವಾಮಿಗಳ ಪಾದದ ಬಳಿ ಬಿಟ್ಟು ಬಂದ.

ಹೆಂಡತಿ ಅಂದು ಒಲೆ ಹಚ್ಚಲಿಲ್ಲ. ಮಾರನೆಯ ದಿನ ಒಬ್ಬಳೇ ಹೊಲಕ್ಕೆ ಹೋಗಿ, ಆ ಎಲೆಯನ್ನು ಕಿತ್ತು ತಂದು ಗಂಡನ ಮುಂದೆ ಇಟ್ಟಳು. ಖಾಲಿ ಗೂಡುಗಳ ಮೇಲೆ ಹುಳು ಇನ್ನೂ ಬಾಗಿ ನಿಂತೇ ಇತ್ತು. ರೈತ ಬೆರಳು ತಾಗಿಸಿದ. ಬರೀ ಸಿಪ್ಪೆ. ಮೈಯೆಲ್ಲ ತೂತು; ಒಳಗೆ ಏನೂ ಉಳಿದಿರಲಿಲ್ಲ.

"ಹುಳು ಇಲ್ಲೇ ಇದೆಯಲ್ಲ" ಎಂದಳು ಅವಳು. "ಹಾಗಾದರೆ ಹಾರಿಹೋದದ್ದು ಯಾವುದು?"

ರೈತ ಉಟ್ಟ ಬಟ್ಟೆಯಲ್ಲೇ ಬೆಟ್ಟಕ್ಕೆ ಓಡಿದ. ದೀಕ್ಷೆಯ ಮಂಡಲ ಮುಗಿಯುವವರೆಗೆ ಹೆತ್ತವರು ಮುಖ ನೋಡುವಂತಿಲ್ಲ ಎಂದು ಮಠದವರು ತಡೆದರು. ನಲವತ್ತೆಂಟು ದಿನ ಅವನು ಬೆಟ್ಟದ ಬುಡದಲ್ಲೇ ಕಾದ. ಮರುದಿನ ಹತ್ತಿ ಹೋದಾಗ ಬಾಗಿಲಲ್ಲಿ ಮಗನೇ ನಿಂತಿದ್ದ. ಕೆನ್ನೆ ಗುಳಿಬಿದ್ದಿತ್ತು. "ಬಾ ಮಗನೇ, ಅವ್ವ ಒಲೆ ಹಚ್ಚಿಲ್ಲ" ಎನ್ನುತ್ತ ತಂದೆ ಹೊಸ್ತಿಲ ಮೇಲೆ ಕಾಲಿಟ್ಟ. ಮಗ ಬಾಗಿಲಿಗೆ ಅಡ್ಡ ಬಂದ. ಕೈಯಲ್ಲಿದ್ದ ಕೋಲು ಬೀಸಿದ. ಏಟು ತಂದೆಯ ಹಣೆಗೆ ಬಿತ್ತು.

ಗುರು ಅಲ್ಲಿಗೆ ನಿಲ್ಲಿಸಿದರು.

"ಆ ಮಗ ಆಮೇಲೆ ಏನಾದ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಅವನು ಈ ಬಾಗಿಲಲ್ಲೇ ಒಣಗಿಹೋದ, ನಿನ್ನ ಮುಂದೆ ಕೂತಿರುವುದು ಅವನೊಳಗಿಂದ ಹೊರಬಂದದ್ದು."