ಟಿಟ್ಟಿಭದ ಮೊಟ್ಟೆಯೂ ಮಾಳಿಂಗನ ಬಿಳಿ ಕಲ್ಲೂ

ಲೋಕ ಹೊಸದಾಗಿದ್ದ ಕಾಲ, ಮಗು. ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿತ್ತು. ನದಿಗಳು ಕಂಡಕಂಡವರನ್ನು ದಾರಿ ಕೇಳಿಕೊಂಡು ಹೋಗುತ್ತಿದ್ದವು.

ಶಿವನು ಎಲ್ಲರಿಗೂ ಒಂದೊಂದು ಜಾಗ ಹಂಚಿದ. ಮೀನಿಗೆ ನೀರು, ಗಿಳಿಗೆ ಮರ, ಮೊಲಕ್ಕೆ ಬಿಲ. ಹಂಚುವ ಹೊತ್ತಿಗೆ ಗಾಳಿ ಎಲ್ಲೋ ಅಲೆಯಲು ಹೋಗಿತ್ತು. ತಿರುಗಿ ಬರುವಷ್ಟರಲ್ಲಿ ಜಾಗವೆಲ್ಲ ಮುಗಿದಿತ್ತು.

"ನನಗೆ?" ಎಂದಿತು ಗಾಳಿ.

"ನೀನು ಹೀಗೇ ಅಲೆಯುತ್ತಿರಪ್ಪ. ನಿನ್ನನ್ನು ಕೂರಿಸುವಂಥ ಕೆಲಸ ಒಂದು ದಿನ ಬಂದೀತು," ಎಂದ ಶಿವ.

ಅಂದಿನಿಂದ ಗಾಳಿಗೆ ಕೂರಲು ನೆಲೆಯಿಲ್ಲ, ನಿಲ್ಲಲು ನೆವವಿಲ್ಲ.

ಕಡಲಿಗೂ ಹೊಲಗಳಿಗೂ ನಡುವೆ ಒಂದು ನೆಲವಿತ್ತು. ಬರೀ ಉಪ್ಪುಮರಳು. ಬಿತ್ತಿದರೆ ಬೆಳೆಯದು, ಮೋಟುಹುಲ್ಲು ಮಾತ್ರ ಬರುತ್ತಿತ್ತು. ಯಾರಿಗೂ ಬೇಡವಾದ ಆ ನೆಲದಲ್ಲೇ ಗಾಳಿಯ ಓಡಾಟ ಹೆಚ್ಚು. ಅದರ ಕಾಟ ತಾಳದೆ ಕುರಿಗಳು ಮರಳು ಕೆದರಿ, ಗುಂಡಿ ಮಾಡಿಕೊಂಡು ಮಲಗುತ್ತಿದ್ದವು. ಮೊಲಗಳು ತಮ್ಮ ಬಿಲದ ಬಾಯಿಯ ಸುತ್ತ ಹುಲ್ಲು ಮೇದು ಮೇದು, ಸಾರಿಸಿದ ಅಂಗಳದ ಹಾಗೆ ನುಣುಪು ಮಾಡಿದ್ದವು.

ಆ ಕುರಿಗಳನ್ನು ಕಾಯುತ್ತಿದ್ದವರು ಇಬ್ಬರು. ಮಾಳಿಂಗ ಒಬ್ಬ. ಅವನ ಹೆಂಡತಿಯ ತಮ್ಮ ಜಕ್ಕಪ್ಪ ಇನ್ನೊಬ್ಬ. ಕೈಯಲ್ಲಿ ಒಂದೊಂದು ಕೊಕ್ಕೆಕೋಲು, ಹೆಗಲ ಮೇಲೆ ಒಂದೊಂದು ಕಂಬಳಿ.

ಕುರಿ ಮೇಯುವಾಗ ಕಾಯುವವನಿಗೆ ಕೆಲಸವೇನಿದೆ? ಒಂದು ದಿನ ಬೇಸರಕ್ಕೆ ಜಕ್ಕಪ್ಪ ಒಂದು ಬಿಳಿ ಉರುಟುಕಲ್ಲನ್ನು ಕೋಲಿನಿಂದ ಹೊಡೆದ. ಅದು ಹಾರಿ ಹೋಗಿ ಮೊಲದ ಬಿಲಕ್ಕೆ ಬಿತ್ತು. "ಭಾವ, ನೀನೂ ಹೊಡಿ ನೋಡೋಣ!" ಎಂದ. ಅಷ್ಟೇ. ಆಟ ಹುಟ್ಟಿತು. ಕುರಿ ಹೋದಲ್ಲಿ ಅವರು, ಅವರು ಹೋದಲ್ಲಿ ಕಲ್ಲು. ಕಡಿಮೆ ಏಟಿನಲ್ಲಿ ಬಿಲ ಸೇರಿಸಿದವನು ಗೆದ್ದ. ಸೋತವನು ಸಂಜೆಯವರೆಗೆ ಇಬ್ಬರ ಕಂಬಳಿಯನ್ನೂ ಹೊರಬೇಕು.

ಆರು ದಿನದಿಂದ ಎರಡೂ ಕಂಬಳಿ ಮಾಳಿಂಗನ ಹೆಗಲ ಮೇಲೇ ಇದ್ದವು.

"ಭಾವ, ನಮ್ಮಕ್ಕನಿಗೆ ಗಂಡ ಅಂತ ತಂದದ್ದು ನಿನ್ನನ್ನು. ನೋಡಿದರೆ ಹೇರು ಹೊರುವ ಎತ್ತು ಸಿಕ್ಕಿದೆ ನನಗೆ!" ಎಂದು ಜಕ್ಕಪ್ಪ ನಗುತ್ತಿದ್ದ. ಮಾಳಿಂಗನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬಿಲ, ಕಣ್ಣು ತೆರೆದರೆ ಕಲ್ಲು.

ಆ ಕುರುಬರಲ್ಲಿ ಒಂದು ಪದ್ಧತಿ ಇತ್ತು. ನೆಲದ ಮೇಲೆ ಹಕ್ಕಿ ಮೊಟ್ಟೆಯಿಟ್ಟದ್ದು ಕಂಡರೆ ಅದರ ಸುತ್ತ ಐದು ಬಿಳಿ ಕಲ್ಲು ಇಡಬೇಕು. ಮುಂದಿನ ಕುರಿ ಬಿಳುಪು ಕಂಡು ಬದಿಗೆ ಸರಿಯುತ್ತದೆ, ಹಿಂದಿನವು ಅದರ ಹಿಂದೆಯೇ ಹೋಗುತ್ತವೆ. ಮೊಟ್ಟೆ ಉಳಿಯುತ್ತದೆ.

ಮೊಲದ ಬಿಲದಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಆ ಕಾಲದಲ್ಲಿ ಅದರ ಮೊಟ್ಟೆ ಹಾಲಿನಂತೆ ಬೆಳ್ಳಗೆ. ಮಾಳಿಂಗನೇ ಕೈಯಾರೆ ಐದು ಕಲ್ಲು ಇಟ್ಟಿದ್ದ. "ಹೆದರಬೇಡವ್ವ, ನಾನಿದ್ದೇನೆ," ಎಂದೂ ಹೇಳಿದ್ದ.

ಏಳನೆಯ ದಿನ ಬಿಸಿಲು ಸುಡುತ್ತಿತ್ತು. ಟಿಟ್ಟಿಭ ಎದ್ದು ನಿಂತಿತು. "ಮಾಳಿಂಗಣ್ಣ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳಿಗೆ ತಂಪು ಕೊಡಬೇಕು. ಇವತ್ತೋ ನಾಳೆಯೋ ಮರಿ ಹೊರಗೆ ಬರುತ್ತವೆ. ಸ್ವಲ್ಪ ನೋಡಿಕೊಂಡಿರು."

"ಹೋಗಿ ಬಾರವ್ವ," ಎಂದ ಮಾಳಿಂಗ. ಕಣ್ಣು ಮಾತ್ರ ಬಿಲದ ಮೇಲೆಯೇ ಇತ್ತು.

ಅಂದು ಅವನ ಆಟ ಚೆನ್ನಾಗಿ ನಡೆದಿತ್ತು. ಇನ್ನೊಂದೇ ಏಟಿನಲ್ಲಿ ಗೆಲ್ಲಬೇಕು. ಅಷ್ಟರಲ್ಲಿ ಗಾಳಿ ಬೀಸಿ ಅವನ ಕಲ್ಲು ಕುರಿಯ ಗುಂಡಿಗೆ ಉರುಳಿತು. ಮಲಗಿದ್ದ ಟಗರು ಮಗ್ಗುಲು ಬದಲಿಸಿತು. ಕಲ್ಲು ಮರಳಿನಲ್ಲಿ ಹೂತುಹೋಯಿತು.

"ಹೋದರೆ ಹೋಯಿತು, ಬೇರೆ ಕಲ್ಲು ತಗೋ ಭಾವ. ಎಷ್ಟು ತಗೊಂಡರೂ ಕಂಬಳಿ ಹೊರುವವನು ನೀನೇ!" ಎಂದ ಜಕ್ಕಪ್ಪ.

ಮಾಳಿಂಗ ಬಿಲದ ಮೇಲಿಟ್ಟ ಕಣ್ಣು ತೆಗೆಯದೆ ಬಗ್ಗಿ ಹಿಂದಕ್ಕೆ ಕೈ ಚಾಚಿದ. ತಾನೇ ಇಟ್ಟಿದ್ದ ಬಿಳಿ ಕಲ್ಲುಗಳ ಬಳೆಗೆ ಕೈ ತಾಗಿತು. ಒಂದನ್ನು ಎತ್ತಿಕೊಂಡ. ಬೆಚ್ಚಗಿತ್ತು. ಆ ಬಿಸಿಲಿಗೆ ಎಲ್ಲ ಕಲ್ಲೂ ಬೆಚ್ಚಗೇ ಇದ್ದವು. ಹುಲ್ಲಿನ ಮೇಲಿಟ್ಟು, ಕೋಲಿನಿಂದ ಮಗುವಿನ ಬೆನ್ನು ತಟ್ಟಿದ ಹಾಗೆ ಮೆಲ್ಲಗೆ ತಳ್ಳಿದ.

ಅದು ಓಲಾಡುತ್ತ ಉರುಳಿತು. ಉರುಳಿ ಉರುಳಿ ಬಿಲದೊಳಕ್ಕೆ ಇಳಿಯಿತು.

"ಗೆದ್ದೆ! ಹೊರೋ ಕಂಬಳಿ!" ಎಂದು ಮಾಳಿಂಗ ಕುಣಿದ.

ಟಿಟ್ಟಿಭ ಒದ್ದೆ ಹೊಟ್ಟೆಯಲ್ಲಿ ಓಡಿ ಬಂತು. ಬಳೆಯಲ್ಲಿ ಐದು ಕಲ್ಲು ಇದ್ದವು. ಮೊಟ್ಟೆ ಮೂರೇ ಇದ್ದವು.

ಮಾಳಿಂಗನ ಕುಣಿತ ನಿಂತಿತು. ತನ್ನ ಕೈಯನ್ನು ನೋಡಿಕೊಂಡ. "ಶಿವನೇ," ಎಂದ.

ಬಿಲದೊಳಗಿಂದ ಮೊಲ ಕೂಗಿತು. "ಯಾರಪ್ಪ ಅದು? ದಿನಾ ಕಲ್ಲು ಎಸೆಯುತ್ತಿದ್ದಿರಿ, ಸಹಿಸಿದೆ. ಇವತ್ತಿನದು ಯಾಕೋ ಬೆಚ್ಚಗೆ ಉರುಳಿ ಹೋಯಿತು!"

"ಅದು ನನ್ನ ಮೊಟ್ಟೆ! ತಂದುಕೊಡು ಮೊಲರಾಯ! ತಣ್ಣಗಾದರೆ ಮರಿ ಸಾಯುತ್ತದೆ!"

"ತರುತ್ತೇನೆ ತಾಯಿ. ಆದರೆ ನನ್ನ ಮನೆಗೆ ಏಳು ಕವಲು. ಎಲ್ಲವೂ ಕತ್ತಲು. ಕಾಣದೆ ನುಗ್ಗಿದರೆ ನಾನೇ ತುಳಿದುಬಿಟ್ಟೇನು. ಯಾವ ಕವಲು ಅಂತ ಹೇಳು."

ಭಾವ ಮೈದುನ ಇಬ್ಬರೂ ಮರಳು ಅಗೆಯತೊಡಗಿದರು. "ಅಯ್ಯೋ, ಅಗೆಯಬೇಡಿ! ಸೂರು ಕುಸಿದು ಮೊಟ್ಟೆ ಒಡೆದೀತು!" ಎಂದಿತು ಮೊಲ. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡರು.

ಮರಿ ಹೊರಬರುವ ಮುನ್ನ ಮೊಟ್ಟೆಯೊಳಗಿಂದ ಟಿಕ್ ಟಿಕ್ ಎನ್ನುತ್ತದೆ. ಅದು ತಾಯಿಗೆ ಗೊತ್ತು. ಟಿಟ್ಟಿಭ ನೆಲದ ಮೇಲೆ ಓಡಿತು, ನಿಂತಿತು, ಕಿವಿಗೊಟ್ಟಿತು. ಕೇಳಿಸಲಿಲ್ಲ. ಮತ್ತೆ ಓಡಿತು, ನಿಂತಿತು, ಕಿವಿಗೊಟ್ಟಿತು. ಗಾಳಿಯ ಸುಯ್ಲು ಬಿಟ್ಟು ಬೇರೇನೂ ಇಲ್ಲ.

ಸೂರ್ಯ ಕಡಲಿಗೆ ಇಳಿಯತೊಡಗಿದ. ಮರಳು ತಣ್ಣಗಾಗತೊಡಗಿತು. ಓಡಿತು, ನಿಂತಿತು, ಕಿವಿಗೊಟ್ಟಿತು.

"ಗಾಳಿಯಪ್ಪಾ, ಒಂದು ಗಳಿಗೆ ನಿಲ್ಲೋ!" ಎಂದು ಹಕ್ಕಿ ಚೀರಿತು.

ಗಾಳಿಗೂ ಸಂಕಟವಾಗಿತ್ತು. ಅತ್ತ ಸುಳಿಯಿತು, ಇತ್ತ ಸುಳಿಯಿತು. "ನಿಲ್ಲುವುದು ಹೇಗೆ ತಾಯಿ? ನನಗೆ ಯಾರೂ ಕಲಿಸಿಲ್ಲ. ಕೂರಲು ಜಾಗವನ್ನೂ ಕೊಟ್ಟಿಲ್ಲ."

ಆಗ ಮಾಳಿಂಗ ಮಂಡಿಯೂರಿ ಕೂತ. ಹೆಗಲಿನ ಕಂಬಳಿ ತೆಗೆದು ಎರಡೂ ಕೈಯಲ್ಲಿ ಚೀಲದಂತೆ ಬಿಡಿಸಿ ಹಿಡಿದ. "ಬಾರಪ್ಪ, ಇದರಲ್ಲಿ ಕೂರು. ಆರು ದಿನ ಅವಮಾನ ಅಂತ ಹೊತ್ತೆ. ಇವತ್ತು ನಿನ್ನನ್ನು ಹೊರುತ್ತೇನೆ."

ಗಾಳಿ ಅಳುಕುತ್ತ ಕಂಬಳಿಯೊಳಗೆ ಬಂತು. ಕಂಬಳಿ ಉಬ್ಬಿತು, ನಡುಗಿತು, ಆಮೇಲೆ ಇಳಿಯಿತು. ಲೋಕ ಹುಟ್ಟಿದ ಮೇಲೆ ಮೊದಲ ಸಲ ಗಾಳಿ ಕೂತಿತು. ಒಂದು ಹುಲ್ಲೂ ಅಲುಗಲಿಲ್ಲ. ಕುರಿಗಳು ತಲೆಯೆತ್ತಿ ನೋಡಿದವು.

ಟಿಟ್ಟಿಭ ಓಡಿತು, ನಿಂತಿತು, ಕಿವಿಗೊಟ್ಟಿತು.

ಟಿಕ್.

"ಇಲ್ಲಿ! ನನ್ನ ಕಾಲಡಿಯಲ್ಲೇ!"

"ಗೊತ್ತಾಯಿತು, ಐದನೆಯ ಕವಲು," ಎಂದಿತು ಮೊಲ. ಮೂಗಿನಿಂದ ಮೆಲ್ಲಮೆಲ್ಲಗೆ ತಳ್ಳುತ್ತ ಮೊಟ್ಟೆಯನ್ನು ಹೊರತಂದಿತು. ಅದೀಗ ಬೆಳ್ಳಗಿರಲಿಲ್ಲ. ಬಿಲದ ಮಣ್ಣು ಮೆತ್ತಿಕೊಂಡಿತ್ತು, ಕಪ್ಪು ಕಲೆಗಳು ಹತ್ತಿದ್ದವು. ತಾಯಿ ಎಷ್ಟು ಒರೆಸಿದರೂ ಕಲೆ ಹೋಗಲಿಲ್ಲ.

"ಕೊಳೆಯಾಯಿತಲ್ಲವ್ವ," ಎಂದು ಜಕ್ಕಪ್ಪ ತಲೆ ತಗ್ಗಿಸಿದ.

ಟಿಟ್ಟಿಭ ಮೊಟ್ಟೆಯನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿತು. ಮೊಟ್ಟೆ ಅದಕ್ಕೇ ಕಾಣಲಿಲ್ಲ! "ಇರಲಿ ಬಿಡಪ್ಪ. ಯಾರಿಗೂ ಕಾಣದ್ದನ್ನು ಯಾರೂ ಎತ್ತುವುದಿಲ್ಲ," ಎಂದು ಉಳಿದ ಮೂರಕ್ಕೂ ಅದೇ ಮಣ್ಣು ಬಳಿಯಿತು. ಬೆಳಗಾಗುವಷ್ಟರಲ್ಲಿ ನಾಲ್ಕೂ ಒಡೆದು ನಾಲ್ಕು ಮರಿ ಬಂದವು. ಮೈ ಆರುವುದೇ ತಡ, ಅವೂ ಓಡಿದವು, ನಿಂತವು, ಕಿವಿಗೊಟ್ಟವು.

ಮಾಳಿಂಗ ಕೋಲು ನೆಲಕ್ಕೂರಿದ. ಕುರುಬ ಕೋಲೂರಿ ಆಡಿದ ಮಾತು ತಪ್ಪುವ ಹಾಗಿಲ್ಲ. "ಇನ್ನು ಮೇಲೆ ಬಿಳಿಯದು ನನ್ನದು, ಮಣ್ಣಿನ ಬಣ್ಣದ್ದು ನಿನ್ನದು. ಕೈಯಿಟ್ಟು ಕೆಟ್ಟೆ. ಇನ್ನು ಎಲ್ಲಿ ಬಿತ್ತೋ ಅಲ್ಲಿಂದಲೇ ಕೋಲಿನಿಂದ ಹೊಡೆಯುತ್ತೇನೆ, ಕೈ ಮುಟ್ಟಿಸುವುದಿಲ್ಲ."

"ನನ್ನ ಬಾಗಿಲು?" ಎಂದಿತು ಮೊಲ.

"ನಮ್ಮ ಗುಂಡಿ ನಾವೇ ತೋಡಿಕೊಳ್ಳುತ್ತೇವೆ ಮಾರಾಯ."

"ನನಗೆ?" ಎಂದಿತು ಗಾಳಿ, ಹಿಂದೆ ಶಿವನನ್ನು ಕೇಳಿದ ಹಾಗೆಯೇ. ಮಾಳಿಂಗ ಕಂಬಳಿಯ ಅಂಚು ಹರಿದು ಒಂದು ಕಡ್ಡಿಗೆ ಕಟ್ಟಿ, ಆಗಲೇ ತೋಡಿದ ಹೊಸ ಗುಂಡಿಯಲ್ಲಿ ನೆಟ್ಟ. "ಇದು ನಿನ್ನ ಜಾಗ. ದಣಿದಾಗ ಬಂದು ಕೂರು."

ಆಮೇಲೆ ಅವರು ಕಲ್ಲು ಬಿಟ್ಟರು. ಟಿಟ್ಟಿಭ ಉದುರಿಸಿದ ಗರಿಗಳನ್ನು ಆರಿಸಿ, ತೊಗಲಿನ ಚೀಲದಲ್ಲಿ ಗಿಡಿದು ಹೊಲಿದು, ಸುಣ್ಣ ಬಳಿದು ಬಿಳಿ ಚೆಂಡು ಮಾಡಿದರು. ಗಾಳಿ ಆ ಆಟದ ಸುದ್ದಿಯನ್ನು ಹೊತ್ತು ಕಡಲು ದಾಟಿ ಚಳಿನಾಡುಗಳಿಗೆ ಹೋಯಿತು. ಅಲ್ಲಿಯ ಕುರಿಗಾಹಿಗಳು ಆಡಿದರು, ಆಮೇಲೆ ಅಲ್ಲಿಯ ದೊರೆಗಳೂ ಆಡಿದರು. ಗರಿಯ ಚೆಂಡು ಹೋಗಿ ಮರದ ಹಾಲಿನಿಂದ ಮಾಡಿದ ಗಟ್ಟಿ ಚೆಂಡು ಬಂತು. ಅದು ಬಹಳ ನುಣುಪು, ಗಾಳಿಯ ಹಿಡಿತಕ್ಕೆ ಸಿಗಲಿಲ್ಲ, ಬೇಗ ಬೀಳುತ್ತಿತ್ತು. ಟಿಟ್ಟಿಭಗಳು ಮಾತ್ರ ಬಿದ್ದ ಚೆಂಡಿನ ಹತ್ತಿರ ಓಡಿ, ನಿಂತು, ಕಿವಿಗೊಟ್ಟು, ಒಳಗೆ ಮರಿ ಇದೆಯೋ ಏನೋ ಎಂದು ಸುತ್ತಲೂ ಕುಕ್ಕಿ ನೋಡಿದವು. ಕುಕ್ಕಿದ ಚೆಂಡಿನ ಕುಳಿಗಳಲ್ಲಿ ಗಾಳಿಗೆ ಬೆರಳಿಡಲು ಜಾಗ ಸಿಕ್ಕಿತು. ಆ ಚೆಂಡು ಎಲ್ಲಕ್ಕಿಂತ ದೂರ ಹೋಯಿತು. ಆಮೇಲೆ ಎಲ್ಲ ಚೆಂಡಿಗೂ ಕುಳಿ ಬಿತ್ತು.

ಕೋಲೂರಿದ ಆಣೆಯನ್ನು ಮಾಳಿಂಗನ ಕಡೆಯವರು ಯಾರೂ ಮುರಿಯಲಿಲ್ಲ. ಆದರೂ ಮಗು, ಒಮ್ಮೆ ಬೆದರಿದ ತಾಯಿಯ ಎದೆಗೆ ಆಣೆ ಸಾಲದು.

ಅದಕ್ಕೇ ನೋಡು, ಊರಾಚೆಯ ಗಾಲ್ಫ್ ಮೈದಾನದಲ್ಲಿ ಬಿಳಿ ಚೆಂಡು ಬಂದು ಬಿದ್ದೊಡನೆ ಆ ಟಿಟ್ಟಿಭ ಚೀರುತ್ತ ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ನೆಲಕ್ಕೆ ಕಿವಿಗೊಡುತ್ತದೆ. ಸಂಜೆ ಸೂರ್ಯ ಇಳಿಯುವಾಗ ಗುಂಡಿಯ ಬಾವುಟ ತಟ್ಟನೆ ಜೋತುಬಿದ್ದು ಗಾಳಿ ಒಂದು ಗಳಿಗೆ ಕೂರುವುದೂ ಅದಕ್ಕೇ, ಆ ತಾಯಿಗೆ ಕೇಳಿಸಲಿ ಎಂದು.