ದುಂಡಮ್ಮನ ತೂತು ಗುಡಾಣ

ಕೇಳ್ರಪ್ಪ. ಬೆಟ್ಟದ ತಪ್ಪಲಿಗೆ ಬಂಡಿದಾರಿ ಇನ್ನೂ ಬಿದ್ದಿರದ ಕಾಲ. ಅಲ್ಲೊಂದು ಹಾಡಿಯಲ್ಲಿ ದುಂಡಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ಜಡೆಯ, ಹೆಜ್ಜೇನು ಕೀಳೋನು. ಬಂಡೆಯ ನೆತ್ತಿಯಿಂದ ಹಗ್ಗ ಬಿಟ್ಟು, ಅದರಲ್ಲಿ ತೂಗಾಡಿಕೊಂಡು ಜೇನು ಕುಯ್ಯೋದು. ಮೇಲೆ ಹಗ್ಗ ಹಿಡಿಯೋನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ತಂಗಿ ತಾಳಿ ಕಳಕೊಳ್ಳಲಿ ಅಂತ ಯಾವ ಅಣ್ಣ ತಾನೇ ಹಗ್ಗ ಬಿಟ್ಟಾನು, ಹೇಳಿ?

ಒಂದು ವರ್ಷ ಹಗ್ಗ ಜಾರಿತಂತೆ. ದುಂಡಮ್ಮನ ಅಣ್ಣ ಕೇತ ಬಿಡಲಿಲ್ಲ. ಜಡೆಯ ಬದುಕಿದ, ಕೇತನ ಅಂಗೈ ಚರ್ಮ ಹಗ್ಗಕ್ಕೇ ಅಂಟಿಕೊಂಡು ಹೋಗಿತ್ತಂತೆ. ಅಣ್ಣನ ಕೈಗೆ ಎಣ್ಣೆ ಸವರುತ್ತಾ ದುಂಡಮ್ಮ ಲೆಕ್ಕ ಹಾಕಿದಳು. ಇನ್ನೊಂದು ಸಲ ಜಾರಿದರೆ ಗಂಡನೂ ಇಲ್ಲ, ಅಣ್ಣನೂ ಇಲ್ಲ.

ಆ ಮಳೆಗಾಲ ಕಳೆದ ಮೇಲೆ ಅವಳ ಹಿತ್ತಿಲಲ್ಲಿ ತೂತಾಗಿ ಬಿದ್ದಿದ್ದ ಮಣ್ಣಿನ ಗುಡಾಣಕ್ಕೆ ತುಡುವೆ ಜೇನು ಬಂದು ಕೂತಿತಂತೆ. ಸಣ್ಣ ಹುಳು, ಸಾಧು ಹುಳು. ಇವನ್ನೇ ಸಾಕಿದರೆ ಬಂಡೆಯ ಸಹವಾಸವೇ ಬೇಡವಲ್ಲ ಅಂದಳು. ಹಾಡಿಯೆಲ್ಲ ನಕ್ಕಿತು, ಜೇನೇನು ಕೋಳಿಯಾ ಸಾಕೋಕೆ ಅಂತ. ಜಡೆಯನೂ ನಕ್ಕ. ನಕ್ಕು ಸುಮ್ಮನಾದನೇ, ಪುಣ್ಯಾತ್ಮ! ಅವಳು ಸೊಪ್ಪಿಗೆ ಹೋದಾಗ, ಬಂಡೆಯಲ್ಲಿ ಮಾಡೋ ಹಾಗೇ ಗುಡಾಣಕ್ಕೂ ಹೊಗೆ ಹಾಕಿ, ಜೇನಿನ ಎರಿಯನ್ನೆಲ್ಲ ಬಾಚಿಬಿಟ್ಟ. ಬೆಳಗಾದರೆ ಒಂದು ಹುಳವೂ ಇಲ್ಲ. ನೋಡಿದೆಯಾ, ಸಾಕಿದ್ದು ಸಾಕು ಅಂತ ಹೊಸ ಹಗ್ಗ ಹೊಸೆಯಲು ಕೂತನಂತೆ.

ದುಂಡಮ್ಮ ಜಗಳವಾಡಲಿಲ್ಲ. ಸೀದಾ ಅಣ್ಣನ ಮನೆಗೆ ಹೋದಳು.

"ಅಣ್ಣಯ್ಯ, ಈ ಸಲ ನೀ ಹಗ್ಗ ಹಿಡೀಬ್ಯಾಡ."

ಕೇತ ತನ್ನ ಅಂಗೈ ನೋಡಿಕೊಂಡ. "ಆಯ್ತು ಕಣವ್ವ" ಅಂದನಂತೆ.

ಅವನು ಹಿಡಿಯದಿದ್ದರೆ ಇನ್ಯಾರು ಹಿಡೀತಾರೆ? ಜಡೆಯ ಕೂಗಾಡಿದ, ಹೆಂಡತಿ ಜೊತೆ ಮಾತು ಬಿಟ್ಟ. ಅವಳು ಹುಳು ವಾಸನೆ ಹಿಡಿದು ಬರಲಿ ಅಂತ ಗುಡಾಣದೊಳಗೆ ಜೇನುಮೇಣ ಸವರಿ, ಇರುವೆ ಹತ್ತದ ಹಾಗೆ ಸುತ್ತ ಬೂದಿ ಹಾಕಿ ಕಾದಳು. ಹೊಂಗೆ ಹೂ ಬಿಟ್ಟಾಗ ಹುಳು ಬಂದವು. ಬಂದು ಮೊದಲು ಅವಳ ಮುಡಿಯಲ್ಲೇ ಕೂತಿದ್ದವಂತೆ. ನಾನು ಕಂಡಿಲ್ಲ, ನಮ್ಮಜ್ಜಿ ಆಣೆಯಿಟ್ಟು ಹೇಳೋಳು.

ಜೇನು ತುಂಬಿದಾಗ ದುಂಡಮ್ಮ ಗಂಡನ ಕೈಗೇ ಕತ್ತಿ ಕೊಟ್ಟಳು. ಅಂಚಿನ ಎರಿ ಕುಯ್ದು ಅವನು ಮತ್ತೆ ಕೈ ಹಾಕಿದಾಗ ಮಣಿಕಟ್ಟು ಹಿಡಿದು, ಉಳಿದದ್ದು ಹುಳುಗಳ ಪಾಲು ಅಂದಳು. ಮಾರನೆಯ ಬೆಳಗ್ಗೆ ಗುಡಾಣದ ಹತ್ತಿರ ಮೊದಲು ಓಡಿದವನು ಜಡೆಯನೇ ಅಂತೆ. ಹುಳು ಹೋಗಿರಲಿಲ್ಲ. "ಇವಳೇ, ಇಲ್ಲೇ ಅವೆ ಕಣೇ!" ಅಂತ ಕೂಗಿದನಂತೆ. ಅಷ್ಟು ದಿನಕ್ಕೆ ಅದೇ ಅವನ ಮೊದಲ ಮಾತು. ಹೊಸೆದಿಟ್ಟ ಹಗ್ಗ ಕತ್ತರಿಸಿ, ಅದರಲ್ಲೇ ಇನ್ನಷ್ಟು ಗುಡಾಣಗಳನ್ನು ಸೂರಿಗೆ ತೂಗುಹಾಕಿದನಂತೆ.

ಇವತ್ತಿಗೂ ಆ ಕಡೆ ಹೆಣ್ಣು ಗಂಡನ ಮನೆಗೆ ಹೊರಟರೆ, ಅವಳ ಅಣ್ಣ ಗುಡಾಣಕ್ಕೆ ತಾನೇ ತೂತು ಕೊರೆದು ಹೊತ್ತೊಯ್ಯುತ್ತಾನೆ. ಭಾವನ ಹಿತ್ತಿಲಲ್ಲಿ ಅದನ್ನು ಇಳಿಸಿ, ಎರಡೂ ಅಂಗೈ ಬಿಚ್ಚಿ ತೋರಿಸುತ್ತಾನೆ. ಗಾಯವಿಲ್ಲದ ಆ ಅಂಗೈಗೆ ಭಾವ ಒಂದು ತೊಟ್ಟು ಜೇನು ಬಿಡುತ್ತಾನೆ.